ಕಾರಿನ ಕೀ ಮುನಿಸಿಕೊಂಡಾಗ

ಮುಹೂರ್ತ ಒಂಬತ್ತೂವರೆಗೆ. ರೇಷ್ಮೆ ಸೀರೆ, ಜರಿ ಪಂಚೆ ಉಟ್ಟ ಮನೆಮಂದಿಯೆಲ್ಲ ಹಳೆಯ ಮಾರುತಿ 800ರಲ್ಲಿ ಒತ್ತರಿಸಿಕೊಂಡು ಕುಳಿತಾಗಿದೆ. ಯಜಮಾನರು ಕೀ ಹಾಕುತ್ತಾರೆ, ತಿರುಗುವುದಿಲ್ಲ. ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕುತ್ತಾರೆ, ಆಗಲೂ ಇಲ್ಲ. ಹಿಂದಿನ ಸೀಟಿನಿಂದ ಸಲಹೆಗಳು ಶುರುವಾಗುತ್ತವೆ. ‘ಸ್ವಲ್ಪ ಜೋರಾಗಿ ತಿರುಗಿಸಿ’ ಎನ್ನುತ್ತಾರೆ ಒಬ್ಬರು. ‘ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ’ ಎನ್ನುತ್ತಾರೆ ಇನ್ನೊಬ್ಬರು. ಎರಡೂ ಕೆಡುಕಿನ ಸಲಹೆಗಳೇ.

ಮೊದಮೊದಲು ಕಾರಿನ ಎಂಜಿನ್ನಿಗೂ ಕೀಗೂ ಅಂಥ ನಂಟಿರಲಿಲ್ಲ. ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತೋಳಿನ ಬಲದಿಂದ ತಿರುಗಿಸಬೇಕಿತ್ತು. ನಮ್ಮ ಹಳೆಯ ಬಸ್ಸುಗಳ ಕ್ಲೀನರುಗಳು ‘ಹ್ಯಾಂಡಲ್ ಹೊಡೆಯುತ್ತಿದ್ದ’ ನೆನಪು ಹಿರಿಯರಿಗೆ ಇನ್ನೂ ಇರಬಹುದು. ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು. ಆಗ ಹ್ಯಾಂಡಲ್ ಹಿಡಿದವನ ಮಣಿಕಟ್ಟಿನ ಮೂಳೆ ಮುರಿಯುತ್ತಿತ್ತು. ಆ ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ‘ಶೋಫರ್ಸ್ ಫ್ರ್ಯಾಕ್ಚರ್’, ಅಂದರೆ ಡ್ರೈವರನ ಮುರಿತ, ಎಂದೇ ಕರೆಯುತ್ತಾರೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು. ಆದರೂ ಎಷ್ಟೋ ಕಾರುಗಳಲ್ಲಿ ಕೀಯ ಕೆಲಸ ವಿದ್ಯುತ್ತಿಗೆ ದಾರಿ ಬಿಡುವುದಷ್ಟೇ ಆಗಿತ್ತು. ಎಂಜಿನ್ ಎಬ್ಬಿಸಲು ಬೇರೊಂದು ಗುಂಡಿ ಇರುತ್ತಿತ್ತು. ಎರಡನ್ನೂ ಒಂದುಗೂಡಿಸಿ, ಕೀ ತಿರುಗಿಸಿದರೆ ಸಾಕು ಎಂಬ ಅನುಕೂಲವನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ.

ಕಳ್ಳರ ಕಾಟ ಹೆಚ್ಚಿದಂತೆ ಕೀಯ ಮೇಲೆ ಇನ್ನೊಂದು ಹೊಣೆಯೂ ಬಿತ್ತು. 1969ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿ ಕೀಯ ಜಾಗವನ್ನು ಡ್ಯಾಶ್‌ಬೋರ್ಡಿನಿಂದ ಸ್ಟೀರಿಂಗ್ ಕಂಬಕ್ಕೆ ಬದಲಾಯಿಸಿತು. ಕೀ ತೆಗೆದರೆ ಉಕ್ಕಿನ ಅಗುಳಿಯೊಂದು ಕಂಬದ ಗಾಡಿಗೆ ಬಿದ್ದು ಸ್ಟೀರಿಂಗ್ ಕದಲದಂತಾಗುತ್ತದೆ. ಹಳೆಯ ಅಂಬಾಸಿಡರ್‌ಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಇದ್ದ ಕೀಗೆ ಈ ಚಿಂತೆ ಇರಲಿಲ್ಲ. ಮಾರುತಿಗೆ ಇದೆ.

ಮದುವೆಗೆ ಹೊರಟವರ ತೊಂದರೆಯ ಮೂಲ ಬಹುತೇಕ ಇಲ್ಲೇ. ರಾತ್ರಿ ಕಾರನ್ನು ಚಕ್ರ ಓರೆಯಾಗಿಯೇ ನಿಲ್ಲಿಸಿದ್ದರೆ, ಅಥವಾ ಟೈರು ಕಲ್ಲಿಗೆ ಒತ್ತಿಕೊಂಡಿದ್ದರೆ, ಚಕ್ರದ ಸೆಳೆತವೆಲ್ಲ ಆ ಅಗುಳಿಯ ಮೇಲೆ ಬೀಳುತ್ತದೆ. ಅಗುಳಿ ಬಿಗಿದುಕೊಂಡರೆ ಕೀ ತಿರುಗದು. ಹಟ ಮಾಡಿ ತಿರುಚಿದರೆ ಮುರಿಯುವುದು ಅಗುಳಿಯಲ್ಲ, ಕೀ. ಮಾಡಬೇಕಾದದ್ದು ಇಷ್ಟೆ: ಎಡಗೈಯಲ್ಲಿ ಸ್ಟೀರಿಂಗನ್ನು ಅತ್ತಿತ್ತ ಮೆಲ್ಲಗೆ ಅಲುಗಿಸುತ್ತಾ, ಬಲಗೈಯಲ್ಲಿ ಎರಡು ಬೆರಳಿನ ಬಲದಿಂದ ಕೀ ತಿರುಗಿಸುವುದು. ಸೆಳೆತ ಸಡಿಲವಾದ ಕ್ಷಣ ಅದು ತಾನಾಗಿಯೇ ತಿರುಗುತ್ತದೆ.

ಹಾಗೂ ತಿರುಗದಿದ್ದರೆ ದೋಷ ಬೀಗದ ಹೊಟ್ಟೆಯಲ್ಲಿದೆ. ಒಳಗೆ ಸ್ಪ್ರಿಂಗಿನ ಮೇಲೆ ಕುಳಿತ ತೆಳುವಾದ ಹಿತ್ತಾಳೆ ಬಿಲ್ಲೆಗಳ ಸಾಲು ಇರುತ್ತದೆ. ಕೀಯ ಏರುತಗ್ಗುಗಳು ಒಂದೊಂದು ಬಿಲ್ಲೆಯನ್ನೂ ಸರಿಯಾದ ಮಟ್ಟಕ್ಕೆ ತಂದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಹದಿನೈದಿಪ್ಪತ್ತು ವರ್ಷ ಉಜ್ಜಿಕೊಂಡ ಕೀಯ ಹಲ್ಲು ಸವೆದು, ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ಮೇಲುಳಿದರೂ ಸಾಕು, ಬೀಗ ಹಿಡಿದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಬಿಟ್ಟರೆ ಆ ದಿನಕ್ಕೆ ಕೆಲಸ ಆದೀತು. ಆಮೇಲೆ ಅದು ಧೂಳು ಹಿಡಿದು ಅಂಟಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಅದರ ಬದಲು ಮೆತ್ತನೆಯ ಪೆನ್ಸಿಲ್ಲನ್ನು ಕೀಯ ಎರಡೂ ಬದಿಗೆ ಚೆನ್ನಾಗಿ ತಿಕ್ಕಿ ಹತ್ತಾರು ಬಾರಿ ಒಳಹೊರಗೆ ಆಡಿಸಬೇಕು. ಪೆನ್ಸಿಲ್ ಕಡ್ಡಿಯ ಗ್ರ್ಯಾಫೈಟು ಒಣ ಜಾರಕ, ಧೂಳನ್ನು ಕರೆಯದು.

ಕೀ ಹೊರಗೆ ಬಾರದೆ ಹೋಗುವುದು ಇನ್ನೊಂದು ಬಗೆ. ಅನೇಕ ಕಾರುಗಳಲ್ಲಿ ಕೀಯನ್ನು ತುಸು ಒಳಕ್ಕೆ ಒತ್ತಿಯೇ ಕೊನೆಯ ಸ್ಥಾನಕ್ಕೆ ತಿರುಗಿಸಬೇಕು. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರು ಪಾರ್ಕಿಂಗ್ ಸ್ಥಾನದಲ್ಲಿರಬೇಕು. ಇವೆರಡನ್ನು ಮರೆತು ಮೆಕ್ಯಾನಿಕ್‌ನನ್ನು ಕರೆಸಿ ನಾಚಿಕೊಂಡವರುಂಟು.

ತಿರುಗದ ಕೀಗಿಂತ ಅಪಾಯದ್ದು ತಾನಾಗಿ ತಿರುಗುವ ಕೀ. ಜನರಲ್ ಮೋಟಾರ್ಸ್ 2014ರಲ್ಲಿ ಷೆವರ್ಲೆ ಕೊಬಾಲ್ಟ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಅವುಗಳ ಇಗ್ನಿಷನ್ ಸ್ವಿಚ್ ಎಷ್ಟು ಸಡಿಲವಾಗಿತ್ತೆಂದರೆ, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀ ಜಾರಿ, ಓಡುತ್ತಿದ್ದ ಎಂಜಿನ್ ನಿಂತುಬಿಡುತ್ತಿತ್ತು. ಅದರೊಂದಿಗೆ ಪವರ್ ಸ್ಟೀರಿಂಗ್ ಹೋಗುತ್ತಿತ್ತು, ಗಾಳಿಚೀಲಗಳೂ ಅರಳುತ್ತಿರಲಿಲ್ಲ. 124 ಸಾವುಗಳಿಗೆ ಕಂಪನಿಯ ಪರಿಹಾರ ನಿಧಿಯಿಂದ ಹಣ ಸಂದಿತು. ರಿಪೇರಿ ಆಗುವತನಕ ಉಂಗುರದಲ್ಲಿ ಬೇರೇನೂ ಇಲ್ಲದೆ ಬರೀ ಕೀ ಒಂದನ್ನೇ ಬಳಸಿ ಎಂದು ಕಂಪನಿಯೇ ಕೇಳಿಕೊಂಡಿತ್ತು. ಮನೆ, ಬೀರು, ಗೋದಾಮು ಎಲ್ಲದರ ಬೀಗದ ಕೈಗಳನ್ನೂ ದೇವರ ಪದಕವನ್ನೂ ಒಂದೇ ಗೊಂಚಲಿಗೆ ಪೋಣಿಸಿ ಕಾರಿಗೆ ನೇತುಹಾಕುವ ನಮ್ಮ ಪದ್ಧತಿ ಈ ಸುದ್ದಿಯನ್ನು ಓದಿದಾಗ ನೆನಪಾಗದೆ ಇರದು. ಭಾರದ ಗೊಂಚಲು ಹಳೆಯ ಬೀಗವನ್ನು ಬೇಗ ಸವೆಸುವುದೂ ನಿಜ.

ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ಕೀ ಆಫ್ ಮಾಡುವ ಚಾಳಿ ಚಾರ್ಮಾಡಿ, ಆಗುಂಬೆ ಕಡೆಯ ಹಳೆಯ ಚಾಲಕರಲ್ಲಿತ್ತು. ಸ್ಟೀರಿಂಗ್ ಬೀಗವಿರುವ ಕಾರಿನಲ್ಲಿ ಇದು ಹುಡುಗಾಟವಲ್ಲ. ಕೀ ಕೊನೆಯವರೆಗೆ ತಿರುಗಿ ಹೊರಬಂದರೆ ತಿರುವಿನಲ್ಲಿ ಸ್ಟೀರಿಂಗ್ ಕಟ್ಟಿಕೊಳ್ಳಬಹುದು. ಬೂಸ್ಟರ್ ಇರುವ ಕಾರಾದರೆ ಎಂಜಿನ್ ನಿಂತ ಮೇಲೆ ಕೆಲವು ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಸವೆದ ಕೀ ಕೊಟ್ಟು ನಕಲು ಮಾಡಿಸಿದರೆ ಸವಕಳಿಯದೂ ನಕಲಾಗುತ್ತದೆ. ಕಾರು ಕೊಂಡಾಗ ಕೊಟ್ಟ ಎರಡನೆಯ ಕೀ ಬೀರುವಿನಲ್ಲಿ ಹೊಸದಾಗಿಯೇ ಇದ್ದರೆ ಅದನ್ನೇ ಮಾದರಿಯಾಗಿ ಕೊಡಬೇಕು. ಕೀ ಒಳಗೇ ಮುರಿದರೆ ಉಳಿದ ತುಂಡನ್ನು ಇನ್ನೊಂದು ಕೀಯಿಂದ ನೂಕಬಾರದು. ಬೀಗ ರಿಪೇರಿಯವರನ್ನು ಕರೆಸಿದರೆ ಸಣ್ಣ ಕೊಕ್ಕೆಯಿಂದ ಎಳೆದು ತೆಗೆಯುತ್ತಾರೆ. ಅಷ್ಟು ಹೊತ್ತು ಮದುವೆಗೆ ಆಟೊ ಇದೆಯಲ್ಲ.