ಅಜ್ಜಿಯ ಉಂಗುರ, ಹದಿನಾಲ್ಕು ಕ್ಯಾರೆಟ್

ತಪಸ್ಸುಕಾಲ ಕಳೆದು ಪಾಸ್ಕ ಹಬ್ಬ ಮುಗಿಯಿತೆಂದರೆ ನಮ್ಮ ದೇವಾಲಯಗಳಲ್ಲಿ ಭಾನುವಾರದ ಬಲಿಪೂಜೆಯ ಕೊನೆಗೆ ಓದುವ ವಿವಾಹ ಪ್ರಕಟಣೆಗಳು ಒಮ್ಮೆಲೇ ಹೆಚ್ಚುತ್ತವೆ. ಅದರ ಬೆನ್ನಿಗೇ ಎರಡೂ ಕಡೆಯ ಬೀಗರು ಚಿಕ್ಕಪೇಟೆಯ ದಾರಿ ಹಿಡಿಯುತ್ತಾರೆ. ಸೀರೆಗೆ ಒಂದು ಬೀದಿ, ಚಿನ್ನಕ್ಕೆ ಇನ್ನೊಂದು. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆ, ಅದರ ಮಗ್ಗುಲಿನ ನಗರ್ತಪೇಟೆ ಇವೆಲ್ಲ ತಲೆಮಾರುಗಳಿಂದ ಮದುವೆಯ ಮನೆಗಳನ್ನು ಕಂಡಿವೆ. 2017ರಲ್ಲಿ ಮೆಟ್ರೊ ನಿಲ್ದಾಣ ತೆರೆದ ಮೇಲೆ ಅಲ್ಲಿಗೆ ತಲುಪುವುದು ಸುಲಭವಾಗಿದೆ. ಅಲ್ಲಿ ನಡೆಯುವುದು ಮಾತ್ರ ಮೊದಲಿನಷ್ಟೇ ಕಷ್ಟ.

ನಮಗೆ ಪರಿಚಿತವಾದ ಕುಟುಂಬವೊಂದರ ಜೊತೆ ಇತ್ತೀಚೆಗೆ ನಾವೂ ಹೋಗಿದ್ದೆವು. ತೀರಿಕೊಂಡ ಅಜ್ಜಿಯ ಮದುವೆಯುಂಗುರವನ್ನು ಕೊಟ್ಟು, ಮೇಲೆ ಹಣ ಸೇರಿಸಿ, ಮೊಮ್ಮಗಳ ಮದುವೆಗೆ ಹೊಸ ಜೋಡಿ ಉಂಗುರ ಕೊಳ್ಳುವುದು ಅವರ ಎಣಿಕೆ. ಚಿನ್ನದ ಇಂದಿನ ಬೆಲೆಯಲ್ಲಿ ಇದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬಾರದು. ಅಂಗಡಿಯ ಯಂತ್ರದಲ್ಲಿ ಉಂಗುರವನ್ನಿಟ್ಟಾಗ ಶೇಕಡ 58 ಎಂದಷ್ಟೇ ತೋರಿಸಿತು. ಹುಡುಗಿಯ ತಾಯಿಯ ಮುಖ ಬಾಡಿತು. ಆ ಮನೆಯಲ್ಲಿ ಹಳೆಯ ಮಾತೊಂದಿತ್ತು: ಕಷ್ಟಕಾಲದಲ್ಲಿ ಅಜ್ಜಿ ಉಂಗುರವನ್ನು ಗಿರವಿ ಇಡಲು ಹೋದಾಗ, ‘ಇದು ಕಳಪೆ ಚಿನ್ನ’ ಎಂದು ಹೇಳಿ ಕಳಿಸಿದ್ದರಂತೆ. ಅಜ್ಜ ಜಿಪುಣತನ ಮಾಡಿದರೋ, ಅಕ್ಕಸಾಲಿಗನೇ ಮೋಸ ಮಾಡಿದನೋ ಎಂಬ ಅನುಮಾನ ಅಜ್ಜಿಯ ಜೊತೆಗೇ ಸಮಾಧಿ ಸೇರಿತ್ತು. ಈಗ ಯಂತ್ರವೂ ಅದಕ್ಕೆ ಸಾಕ್ಷಿ ನುಡಿದಂತಾಯಿತು.

ಮನಸ್ಸು ಒಪ್ಪದೆ ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಕೆಲಸ ಮಾಡುವ ವೃದ್ಧ ಆಚಾರ್ಯರೊಬ್ಬರ ಬಳಿ ಹೋದೆವು. ಅವರು ಕಣ್ಣಿಗೆ ಮಸೂರ ಏರಿಸಿ ಉಂಗುರದ ಒಳಮೈಯನ್ನು ನೋಡಿದರು. ಎರಡು ಅಕ್ಷರ, ಪಕ್ಕದಲ್ಲಿ 1964. ನಕ್ಕುಬಿಟ್ಟರು. “ಅಮ್ಮಾ, ಇದರಲ್ಲಿ ಮೋಸ ಇಲ್ಲ. ಆ ವರ್ಷ ಇದಕ್ಕಿಂತ ಒಳ್ಳೆಯ ಚಿನ್ನ ಹಾಕಿದ್ದರೆ ಮಾಡಿದವನನ್ನು ಪೊಲೀಸರು ಎಳೆದುಕೊಂಡು ಹೋಗುತ್ತಿದ್ದರು.”

ಅವರ ಮಾತು ನಿಜ. ಚೀನಾ ಯುದ್ಧದ ಬೆನ್ನಿಗೆ, ವಿದೇಶಿ ವಿನಿಮಯದ ಮುಗ್ಗಟ್ಟಿನಲ್ಲಿ, 1963ರ ಜನವರಿಯಲ್ಲಿ ಅಂದಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದು ಅಪರಾಧವಾಯಿತು. 22 ಕ್ಯಾರೆಟ್ಟಿನಲ್ಲಿ ನೂರಕ್ಕೆ 91.6 ಪಾಲು ಚಿನ್ನ, 14ರಲ್ಲಿ 58.3. ದೇಶದುದ್ದಕ್ಕೂ ಅಕ್ಕಸಾಲಿಗರ ಕುಲುಮೆಗಳು ಆರಿದವು; ಹೊಟ್ಟೆಪಾಡು ಕಳೆದುಕೊಂಡವರಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದರು. 14 ಕ್ಯಾರೆಟ್ಟಿನ ಮಿತಿಯನ್ನು 1966ರಲ್ಲಿ ತೆಗೆದರೂ 1968ರ ಕಾಯಿದೆ 1990ರವರೆಗೆ ಉಳಿದಿತ್ತು. ಅಜ್ಜಿಯ ಮದುವೆ ನಡೆದದ್ದು ಆ ಮೂರು ವರ್ಷಗಳ ನಡುವೆ! ಅಜ್ಜ ಪಾಪ, ಕಾನೂನಿಗೆ ತಕ್ಕ ಉಂಗುರವನ್ನೇ ತಂದಿದ್ದರು. ಹುಡುಗಿಯ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಹುಡುಗಿಗೆ ಇನ್ನೊಂದು ಸಂಶಯವಿತ್ತು. ಮದುವೆಯ ಭಾವಚಿತ್ರದಲ್ಲಿ ಅಜ್ಜನ ಬೆರಳು ಬರಿದು, ಅವರಿಗೇಕೆ ಉಂಗುರವಿಲ್ಲ? ಇದರ ಉತ್ತರ ದೇವಾಲಯದಲ್ಲಿದೆ. 1614ರ ರೋಮನ್ ವಿಧಿಗ್ರಂಥದಲ್ಲಿ ಗುರುಗಳು ಆಶೀರ್ವದಿಸುತ್ತಿದ್ದುದು ಒಂದೇ ಉಂಗುರವನ್ನು. ವರನು ಅದನ್ನು ವಧುವಿಗೆ ತೊಡಿಸುತ್ತಿದ್ದನು. ಇಬ್ಬರೂ ಪರಸ್ಪರ ತೊಡಿಸುವ ಕ್ರಮವನ್ನು ವಿಧಿಯೊಳಗೆ ಸೇರಿಸಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರ ಹೊಸ ವಿಧಿ. ಉಂಗುರವಿಲ್ಲದಿದ್ದರೂ ಸಂಸ್ಕಾರಕ್ಕೆ ಊನವಿಲ್ಲ. ವಧೂವರರ ಸಮ್ಮತಿಯೇ ಅದರ ಜೀವಾಳ.

ಉಂಗುರದ ಕಥೆ ಆರಂಭವಾಗುವುದು ಚಿನ್ನದಿಂದಲ್ಲ, ಕಬ್ಬಿಣದಿಂದ. ನಿಶ್ಚಯವಾದ ಹೆಣ್ಣಿಗೆ ಹರಳಿಲ್ಲದ ಕಬ್ಬಿಣದ ಉಂಗುರ ಕಳಿಸುವ ರೋಮನರ ರೂಢಿಯನ್ನು ಒಂದನೆಯ ಶತಮಾನದ ಪ್ಲಿನಿ ದಾಖಲಿಸಿದ್ದಾನೆ. 866ರಲ್ಲಿ ಒಂದನೆಯ ನಿಕೋಲಸ್ ಜಗದ್ಗುರುಗಳು ಬಲ್ಗೇರಿಯನರಿಗೆ ಬರೆದ ಉತ್ತರದಲ್ಲಿ ನಿಶ್ಚಿತಾರ್ಥದ ಉಂಗುರದ ಪ್ರಸ್ತಾಪವಿದೆ. ಮುಂದೆ ಎರಡು ಕೈಗಳು ಒಂದನ್ನೊಂದು ಹಿಡಿದಿರುವ ಉಂಗುರ, ಬಿಡಿಸಿದರೆ ಎರಡಾಗುವ ಜೋಡಿಯುಂಗುರ, ಒಳಮೈಯಲ್ಲಿ ಪುಟ್ಟ ವಚನ ಕೆತ್ತಿದ ಉಂಗುರ ಹೀಗೆ ನಾನಾ ರೂಪಗಳು ಬಂದವು. ಮಧ್ಯಯುಗದ ಇಂಗ್ಲೆಂಡಿನ ವಿಧಿಯೊಂದು ನಮಗೆ ಬಹಳ ಹಿಡಿಸಿದೆ: ವರನು ಉಂಗುರವನ್ನು ವಧುವಿನ ಹೆಬ್ಬೆರಳಿಗೆ ತಾಕಿಸಿ ‘ಪಿತನ’ ಎನ್ನುವನು, ತೋರುಬೆರಳಿಗೆ ‘ಸುತನ’, ನಡುಬೆರಳಿಗೆ ‘ಪವಿತ್ರಾತ್ಮರ’, ‘ಆಮೆನ್’ ಎಂಬಲ್ಲಿ ನಾಲ್ಕನೆಯ ಬೆರಳಿನಲ್ಲಿ ಉಂಗುರ ನೆಲೆಸುತ್ತಿತ್ತು. ಇಟಲಿಯ ಪೆರೂಜ ನಗರದ ಪ್ರಧಾನಾಲಯದಲ್ಲಿ ಮರಿಯಮ್ಮನವರ ಮದುವೆಯುಂಗುರವೆಂದು ಭಕ್ತರು ನಂಬಿರುವ ಕಲ್ಲಿನ ಉಂಗುರವಿದೆ. ಅದು ಅಲ್ಲಿಗೆ ಬಂದದ್ದು 1473ರಲ್ಲಿ, ಕಿಯೂಸಿ ಎಂಬ ಊರಿನಿಂದ ಕದ್ದು! ಕದ್ದ ಮಾಲಿಗೂ ಭಕ್ತಿಗೂ ನಂಟು ಬೆಳೆದ ಇಂಥ ಪ್ರಸಂಗಗಳು ಒಂದೆರಡಲ್ಲ.

ನಮ್ಮ ನೆಲದಲ್ಲಿ ಉಂಗುರಕ್ಕೆ ತಾಳಿ ಜೊತೆಯಾಯಿತು. 1704ರಲ್ಲಿ ಪುದುಚೇರಿಯಿಂದ ಹೊರಟ ಟೂರ್ನೊನರ ಆಜ್ಞೆ ಪಿಳ್ಳೆಯಾರ್ ರೂಪದ ತಾಳಿಯನ್ನು ಕ್ರೈಸ್ತ ಸ್ತ್ರೀಯರಿಗೆ ನಿಷೇಧಿಸಿ, ಶಿಲುಬೆಯ ಗುರುತುಳ್ಳದ್ದನ್ನು ಅನುಮತಿಸಿತು. ಬಹುಶಃ ಅದರಿಂದಲೇ ನಮ್ಮ ಸೊಗಸೆಲ್ಲ ತಾಳಿಗೆ ಸಂದು, ಉಂಗುರ ಸರಳವಾಗಿ ಉಳಿಯಿತು. ಪೇಟೆಯ ಆಚಾರ್ಯರು ವಂಕಿ ಉಂಗುರದಲ್ಲಿ ತೋರುವ ಕೈಚಳಕಕ್ಕೆ ಇದರಲ್ಲಿ ಎಡೆಯಿಲ್ಲ: ಹೊರಗೆ ಉಬ್ಬು, ಒಳಗೆ ಸಪಾಟು, ಅಷ್ಟೇ. ಆದರೆ ಈ ಉಂಗುರ ಒಳಗೆ ಪೊಳ್ಳಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿದ, ಜಪಸರ ಎಣಿಸಿದ ಬೆರಳಿನಲ್ಲಿ ಅಂಗೈಯ ಕಡೆ ಸವೆದು ತೆಳುವಾಗಿತ್ತು. ಆ ಸವೆತವನ್ನು ಯಾವ ಅಂಗಡಿಯೂ ಮಾಡಿಕೊಡಲಾರದು.

2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿರುವುದು ಅಂಗಡಿಯವರ ಮಾರಾಟಕ್ಕೆ. ಮನೆಯ ಹಳೆಯ ಒಡವೆಯನ್ನು ಮಾರಲು ಅದು ಅಡ್ಡಿಯಲ್ಲವೆಂಬುದನ್ನು ಓದುಗರು ಅರಿತಿರಲಿ. ಅವಸರಪಟ್ಟು ಮೂಸೆಗೆ ಹಾಕಬೇಕಾದ ಕಾರಣವಿಲ್ಲ.

ಹುಡುಗಿ ಉಂಗುರವನ್ನು ತನಗೇ ಇರಿಸಿಕೊಳ್ಳುವುದಾಗಿ ಹೇಳಿದಳು. ಅವಳ ಬೆರಳಿಗೆ ಅದು ಬಿಗಿ. ಆಚಾರ್ಯರು ಅಕ್ಷರಗಳಿರುವ ಭಾಗವನ್ನು ಬಿಟ್ಟು ಎದುರು ಮಗ್ಗುಲಲ್ಲಿ ಕತ್ತರಿಸಿದರು. 22 ಕ್ಯಾರೆಟ್ಟಿನ ಚೂರಿಗೆ ತಾಮ್ರ, ಬೆಳ್ಳಿ ಬೆರೆಸಿ ಹಳೆಯದರ ಬಣ್ಣಕ್ಕೆ ತಂದು ಬೆಸುಗೆ ಹಾಕಿದರು. ‘ಇಷ್ಟು ವರ್ಷವಾದ ಮೇಲೆ ಮತ್ತೆ ಹದಿನಾಲ್ಕು ಮಾಡಿಸಿದಿರಲ್ಲ ತಾಯಿ’ ಎನ್ನುತ್ತ ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟರು. ವರನಿಗೆ ಹೊಸ ಉಂಗುರವನ್ನು ಅಲ್ಲಿಯೇ ಹೇಳಿ ಬಂದೆವು. ಒಳಗೆ ಎರಡಕ್ಷರ, ಪಕ್ಕದಲ್ಲಿ ಇಸವಿ.