ಊಟಿಯ ಚಳಿಯಿಂದ ಇಳಿದ ಬಿಯರು

ಹಂಗಳದಲ್ಲಿ ಒಂದು ದಾರಿ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗುತ್ತದೆ, ಇನ್ನೊಂದು ಬಂಡೀಪುರದ ಕಾಡು ಹೊಕ್ಕು ನೀಲಗಿರಿಗೆ ಏರುತ್ತದೆ. ನಮ್ಮ ಕಡೆಯ ಬಿಯರಿನ ಬೇರು ಇರುವುದು ಈ ಎರಡನೆಯ ದಾರಿಯ ಮೇಲ್ತುದಿಯಲ್ಲಿ. ಬ್ರಿಟಿಷ್ ಸೈನಿಕರ ಬಾಯಾರಿಕೆಗಾಗಿ 1857ರಲ್ಲಿ ಅಲ್ಲಿ ಕ್ಯಾಸಲ್ ಬ್ರೂವರಿ ಶುರುವಾಯಿತು. ಬೆಟ್ಟವೇ ಏಕೆ? ಬಯಲುಸೀಮೆಯ ಸೆಕೆಯಲ್ಲಿ ಹುದುಗು ಹದ ತಪ್ಪುತ್ತದೆ, ಹುಳಿ ಹಿಡಿಯುತ್ತದೆ. ಯಂತ್ರದ ತಂಪು ಬರುವ ಮುನ್ನ ಚಳಿಯನ್ನು ಹುಡುಕಿಕೊಂಡು ಹೋಗಬೇಕಿತ್ತು.

ಮಾಡುವ ಬಗೆ ಹಂಗಳದ ತಾಯಂದಿರಿಗೆ ಅರ್ಧ ಗೊತ್ತಿರುವುದೇ. ಕೂಸಿನ ಸರಿಹಿಟ್ಟಿಗೆ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರಲ್ಲ, ಬಾರ್ಲಿಗೂ ಅಷ್ಟೇ ಮಾಡಿದರೆ ಅದು ಮಾಲ್ಟ್. ನುಚ್ಚಾಗಿಸಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಆ ಸಿಹಿನೀರು ವರ್ಟ್. ಕಹಿಗೂ ಪರಿಮಳಕ್ಕೂ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ.

ಜಾತಿ ಬೇರೆಯಾಗುವುದು ಇಲ್ಲಿ. ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಬೇಗ ಹುದುಗಿ, ಹಣ್ಣಿನ ವಾಸನೆ ಬಿಡುವುದು ಏಲ್. ಹತ್ತು ಡಿಗ್ರಿಯ ಸುತ್ತ ನಿಧಾನ ಹುದುಗಿ, ವಾರಗಟ್ಟಲೆ ತಂಪಿನಲ್ಲಿ ಮಲಗಿ ತಿಳಿಯಾಗುವುದು ಲಾಗರ್. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮಾಡಿದ ಹೊಂಬಣ್ಣದ ಲಾಗರೇ ಇಂದಿನ ಬಹುಪಾಲು ಬಾಟಲಿಗಳ ಮುತ್ತಜ್ಜ. ಮಾಲ್ಟನ್ನೋ ಬಾರ್ಲಿಯನ್ನೋ ಕಪ್ಪಗೆ ಹುರಿದು ಮಾಡುವ ಏಲ್‌ಗೆ ಸ್ಟೌಟ್ ಎನ್ನುತ್ತಾರೆ.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೀತಕ ಯಂತ್ರ ಬಂದ ಮೇಲೆ ಬೆಟ್ಟದ ಹಂಗು ಸಡಿಲವಾಯಿತು. ಬೆಂಗಳೂರಿನಲ್ಲಿ 1885ರ ಬ್ರೂವರಿಯೊಂದಿತ್ತು. ಅದನ್ನೂ ಕ್ಯಾಸಲ್ ಮೊದಲಾದವನ್ನೂ ಸೇರಿಸಿ 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಈಗ ಆ ಕಂಪನಿಯ ಕಾರ್ಖಾನೆಯೊಂದು ನಂಜನಗೂಡಿನಲ್ಲೇ ಇದೆ.

ವೈನ್‌ಶಾಪಿನಲ್ಲಿ ಕೇಳಿಬರುವ ‘ಸ್ಟ್ರಾಂಗ್’ ಈ ಯಾವ ಜಾತಿಗೂ ಸೇರಿದ್ದಲ್ಲ, ಅದು ಬರೀ ಅಮಲಿನ ಲೆಕ್ಕ. ಶೇ 5ರ ಮೇಲೆ, 8ರವರೆಗೆ ಆಲ್ಕೋಹಾಲ್ ಇದ್ದರೆ ಸ್ಟ್ರಾಂಗ್. ಒಳಗಿರುವುದು ಹೆಚ್ಚಾಗಿ ಅದೇ ಲಾಗರ್. ರುಚಿ ಕೇಳದೆ ಕಿಕ್ ಕೇಳುವ ಗಿರಾಕಿಗೆ ಅಷ್ಟೇ ಸಾಕು ಎಂದು ಕಂಪನಿಗಳೂ ಬಗೆದಂತಿದೆ. ಕಳೆದ ದಶಕದಲ್ಲಿ ಬೆಂಗಳೂರಿನ ಮೈಕ್ರೋಬ್ರೂವರಿಗಳು ಬಾಳೆಹಣ್ಣು, ಲವಂಗದ ಘಮದ ಗೋಧಿ ಬಿಯರನ್ನೂ ಸ್ಟೌಟನ್ನೂ ಲೋಟಕ್ಕೆ ತಂದವು. ಸಿಕ್ಕಿಂನಲ್ಲಿ ರಾಗಿಯನ್ನೇ ಹುದುಗಿಸಿ, ಬಿಸಿನೀರು ಹೊಯ್ದು ಬಿದಿರ ಕೊಳವೆಯಲ್ಲಿ ಹೀರುವ ತೊಂಗ್ಬಾ ಇದೆ. ರಾಗಿ ತಿಂದೇ ಬೆಳೆದ ನಮ್ಮ ಸೀಮೆಯಲ್ಲಿ ಮಾತ್ರ ಬಾಟಲಿಯೊಳಗಿನದು ಇನ್ನೂ ಬಾರ್ಲಿಯೇ.