ಮಾಜಿ ಸೈನಿಕರಿಗೆ ಡಾಕ್ಟರ್ ಸಿಗ್ತಾರೆ, ಫೈಲು ಹಿಡಿದು ಓಡಾಡೋರು ಯಾರು?

ಕುಷ್ಟಗಿ ಕಡೆಯ ಹಳ್ಳಿಯೊಂದರ, ಎಪ್ಪತ್ತು ದಾಟಿದ ಮಾಜಿ ಸೈನಿಕರೊಬ್ಬರನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಜೀವಿತ ಪ್ರಮಾಣಪತ್ರ ಕೊಡೋದು ತಪ್ಪಿಹೋಗಿ ಪಿಂಚಣಿ ನಿಂತಿದೆ. ಮಕ್ಕಳು ಬೆಂಗಳೂರಲ್ಲಿ, ರಾತ್ರಿ ನಿದ್ದೆ ಇಲ್ಲ. ಇದರಲ್ಲಿ ವೈದ್ಯರ ಕೆಲಸ ಅರ್ಧ. ಉಳಿದರ್ಧ ಯಾರದು?

ಕೇಂದ್ರದ ಇಸಿಎಚ್‌ಎಸ್ ಯೋಜನೆ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಪಿಂಚಣಿದಾರ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್‌ನಲ್ಲಿ ಚಿಕಿತ್ಸೆ, ಔಷಧಿ. ದೊಡ್ಡ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ರೆಫರಲ್. ಒಳ್ಳೆಯ ಯೋಜನೆಯೇ. ಆದರೆ ಸಿಬ್ಬಂದಿ ಪಟ್ಟಿ ನೋಡಿ: ವೈದ್ಯರು, ದಂತವೈದ್ಯರು, ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಗುಮಾಸ್ತ, ಡ್ರೈವರ್. ಸಮಾಜ ಕಾರ್ಯಕರ್ತರ ಹುದ್ದೆಯೇ ಇಲ್ಲ. ಪಿಂಚಣಿ ತಕರಾರಿಗೆ ‘ಸ್ಪರ್ಶ್’ ಪೋರ್ಟಲ್, ಸಹಾಯಧನಕ್ಕೆ ಸೈನಿಕ ಕಲ್ಯಾಣ ಇಲಾಖೆ, ನಿದ್ದೆ ಬರದಿದ್ದರೆ ಇನ್ನೊಂದು ಆಸ್ಪತ್ರೆ. ಅಲೆಯಬೇಕಾದವರು ಅದೇ ಮೊಣಕಾಲು ನೋವಿನ ಅಜ್ಜ.

ಅಮೆರಿಕದ ಮಾಜಿ ಸೈನಿಕರ ಇಲಾಖೆ 2010ರಿಂದ ಒಬ್ಬ ರೋಗಿಗೆ ಒಬ್ಬ ವೈದ್ಯರ ಬದಲು ಒಂದು ತಂಡವನ್ನೇ ಕೊಡುತ್ತಿದೆ. ಅಲ್ಲಿನ ಗ್ರಾಮೀಣ ಕ್ಲಿನಿಕ್‌ಗಳ ತಂಡಕ್ಕೆ ಸಮಾಜ ಕಾರ್ಯಕರ್ತರನ್ನು ಸೇರಿಸಿದ ಮೇಲೆ, ಹೆಚ್ಚು ಅಪಾಯದಲ್ಲಿದ್ದವರು ಆಸ್ಪತ್ರೆ ಸೇರೋದು ಸುಮಾರು ಶೇ 4ರಷ್ಟು ಇಳಿಯಿತು ಎಂದು 2020ರ ಅಧ್ಯಯನವೊಂದು ಹೇಳಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಒಬ್ಬ ವ್ಯಕ್ತಿ ಅಷ್ಟೇ.

ಇದೆಲ್ಲ ಅಮೆರಿಕದ ದುಡ್ಡಿನ ಆಟ ಅಂತೀರಾ? ಮನೋರೋಗ ಚಿಕಿತ್ಸೆಯನ್ನು ತಾಲ್ಲೂಕು ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮದ ಜಿಲ್ಲಾ ತಂಡದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆ ಇದೆ. ಅವರನ್ನೂ ಪಾಲಿಕ್ಲಿನಿಕ್ಕನ್ನೂ ಸೈನಿಕ ಕಲ್ಯಾಣ ಕಚೇರಿಯನ್ನೂ ತಿಂಗಳಿಗೊಂದು ದಿನ ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಒಂದೇ ಮೇಜಿಗೆ ಕೂರಿಸೋಕೆ ಕಾನೂನು ತಿದ್ದಬೇಕಿಲ್ಲ. ನಾನು ಇಂಜಿನಿಯರಿಂಗ್ ಓದಿದವನು. ಬಿಡಿಭಾಗಗಳೆಲ್ಲ ಇದ್ದೂ ವೈರಿಂಗ್ ಆಗದ ಯಂತ್ರ ಕಂಡರೆ ಸಿಟ್ಟು ಬರುತ್ತೆ.

ಪಿಂಚಣಿ ಸಿಗುವಷ್ಟು ವರ್ಷ ಸೇವೆ ಆಗದೆ ಮನೆಗೆ ಬಂದವರ ಪಾಡು ಇನ್ನೂ ಕಷ್ಟ. ಅವರಲ್ಲಿ 65 ದಾಟಿದ, ಆದಾಯವಿಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ನೆರವು 2025ರ ನವೆಂಬರ್‌ನಿಂದ ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ ಏರಿದೆ. ಆದರೆ ಅರ್ಜಿ ಹಾಕಬೇಕು. ಹಾಕಿಸೋರು ಯಾರು?

ಈಗ ಯಲಬುರ್ಗಾದ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರ ಕಡೆ ನೋಡಿ. ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷ ಮುಗಿಯೋದು 2026ರ ಕೊನೆಯ ಹೊತ್ತಿಗೆ. ಸೈನ್ಯದಲ್ಲಿ ಉಳಿಯೋರು ಹೆಚ್ಚೆಂದರೆ ಶೇ 25. ಉಳಿದವರು ಸೇವಾ ನಿಧಿಯ ದುಡ್ಡಿನೊಂದಿಗೆ ಊರಿಗೆ. ಯೋಜನೆಯ ಷರತ್ತಿನ ಪ್ರಕಾರ ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನ ಇಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ.